ಪಗಾರವೋ, ಕನ್ಸಲ್ಟೆಂಟೋ, ಸ್ವಂತ ಕ್ಲಿನಿಕ್ಕೋ: ಎಂಡಿ ಮುಗಿಸಿದವರಿಗೆ ಒಂದು ಹೋಲಿಕೆ

ಎಂಡಿ ಮೆಡಿಸಿನ್ ರಿಸಲ್ಟ್ ಬಂದ ತಿಂಗಳಲ್ಲೇ ಫೋನ್ ಬರೋಕೆ ಶುರುವಾಗುತ್ತದೆ. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದು ಕನ್ಸಲ್ಟೆಂಟ್ ಆಗಿ ಬನ್ನಿ ಅನ್ನುತ್ತದೆ. ಗದಗಿನಲ್ಲೋ ಹಾವೇರಿಯಲ್ಲೋ ಮೆಡಿಕಲ್ ಕಾಲೇಜಿನಲ್ಲಿ ಸೀನಿಯರ್ ರೆಸಿಡೆಂಟ್ ಹುದ್ದೆ ಖಾಲಿ ಇದೆ ಅಂತ ಗೆಳೆಯರು ಹೇಳುತ್ತಾರೆ. ಊರಿನ ಔಷಧಿ ಅಂಗಡಿಯವರು, "ಡಾಕ್ಟ್ರ, ನಮ್ಮ ಅಂಗಡಿ ಮ್ಯಾಲ ರೂಮ್ ಖಾಲಿ ಐತ್ರಿ. ಬಾಡಿಗಿ ಏನೂ ಬ್ಯಾಡ, ಬಂದು ಕುಂದರ್ರಿ ಸಾಕು" ಅನ್ನುತ್ತಾರೆ.

ಎಲ್ಲರೂ ಮಾತಾಡುವುದು ತಿಂಗಳಿಗೆ ಎಷ್ಟು ಅನ್ನೋದನ್ನೇ. ನನ್ನ ಹತ್ತಿರ ಕೇಳಲು ಬರುವ ಕಿರಿಯರಿಗೆ ನಾನು ಮೊದಲು ಬೇರೆ ಪ್ರಶ್ನೆ ಕೇಳುತ್ತೇನೆ: ಏನಾದರೂ ಕೆಟ್ಟರೆ ಅದರ ಖರ್ಚು ಯಾರ ತಲೆ ಮೇಲೆ? ನೀವೇ ಜ್ವರ ಬಂದು ಹದಿನೈದು ದಿನ ಮಲಗಿದರೆ? ಹೆರಿಗೆಗೆ ರಜೆ ಬೇಕಾದರೆ? ರೋಗಿಯ ಕಡೆಯವರು ವಕೀಲರ ನೋಟಿಸ್ ಕಳಿಸಿದರೆ? ಮಳೆ ಕೈಕೊಟ್ಟು ಹಳ್ಳಿಯ ಜನ ಆಸ್ಪತ್ರೆಗೆ ಬರೋದನ್ನೇ ಮುಂದೂಡಿದರೆ? ಈ ಪ್ರಶ್ನೆಗಳಿಗೆ ಮೂರೂ ಆಯ್ಕೆಗಳಲ್ಲಿ ಉತ್ತರ ಬೇರೆ ಬೇರೆ. ಯಾವ ವಿಮೆ ಬೇಕು, ಎಷ್ಟು ಉಳಿಸಬೇಕು ಅನ್ನೋದೂ ಆ ಉತ್ತರದ ಮೇಲೇ ನಿಂತಿದೆ. ಹಾಗಾಗಿ ಕೆಲಸ, ವಿಮೆ, ಉಳಿತಾಯ ಮೂರನ್ನೂ ಇಲ್ಲಿ ಒಟ್ಟಿಗೇ ನೋಡುತ್ತಿದ್ದೇನೆ.

ಪಗಾರ ಮತ್ತು ಕನ್ಸಲ್ಟೆಂಟ್ ಫೀ

ಲೆಕ್ಕಕ್ಕೆ ಹೀಗೆ ಹಿಡಿಯೋಣ. ಒಂದು ಆಸ್ಪತ್ರೆ ತಿಂಗಳಿಗೆ ಒಂದೂವರೆ ಲಕ್ಷ ಪಗಾರ ಕೊಡುತ್ತದೆ. ಇನ್ನೊಂದು ಕನ್ಸಲ್ಟೆಂಟ್ ಅಂತ 1.8 ಲಕ್ಷ ಕೊಡುತ್ತದೆ. ವರ್ಷಕ್ಕೆ 18 ಲಕ್ಷ, 21.6 ಲಕ್ಷ.

ಪಗಾರದ 18 ಲಕ್ಷದಲ್ಲಿ ಹೊಸ ತೆರಿಗೆ ಪದ್ಧತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ತೆಗೆದರೆ 17.25 ಲಕ್ಷ. 2025-26ನೇ ಸಾಲಿನ ದರದಲ್ಲಿ ತೆರಿಗೆ 1,45,000, ಸೆಸ್ ಸೇರಿ 1,50,800. ಕೈಗೆ ಉಳಿಯೋದು ಸುಮಾರು ಹದಿನಾರೂವರೆ ಲಕ್ಷ. ಪಿಎಫ್ ಕಡಿತವನ್ನು ಸದ್ಯಕ್ಕೆ ಬದಿಗಿಡೋಣ.

ಕನ್ಸಲ್ಟೆಂಟ್ ಆದವರ ದುಡ್ಡನ್ನು ಪಗಾರ ಅಂತ ಲೆಕ್ಕಕ್ಕೆ ಹಿಡಿಯೋದಿಲ್ಲ, ಅದು ವೃತ್ತಿಯ ಆದಾಯ. ಆಸ್ಪತ್ರೆ 10% ಟಿಡಿಎಸ್, ಅಂದರೆ ಮೊದಲೇ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿದು ತಿಂಗಳಿಗೆ 1.62 ಲಕ್ಷ ಹಾಕುತ್ತದೆ. ಇಲ್ಲೇ 44ಎಡಿಎ (1961ರ ಆದಾಯ ತೆರಿಗೆ ಕಾಯ್ದೆಯ ಕಲಂ ಸಂಖ್ಯೆ) ಅನ್ನೋ ಸವಲತ್ತು ಬರುತ್ತದೆ. ವರ್ಷದ ಒಟ್ಟು ವಸೂಲಿ 50 ಲಕ್ಷದ ಒಳಗಿದ್ದರೆ, ನಗದು ಪಾಲು 5% ಮೀರದಿದ್ದರೆ 75 ಲಕ್ಷದವರೆಗೂ, ಅದರ ಅರ್ಧವನ್ನೇ ಲಾಭ ಅಂತ ತೋರಿಸಲು ಅವಕಾಶ ಇದೆ. ಬಿಲ್ಲು, ಲೆಡ್ಜರ್ ಇಡುವ ತಲೆನೋವಿಲ್ಲ. 21.6 ಲಕ್ಷದ ಅರ್ಧ 10.8 ಲಕ್ಷ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಇರುವುದರಿಂದ ತೆರಿಗೆ ಸೊನ್ನೆ. ಹಿಡಿದ 2.16 ಲಕ್ಷ ಟಿಡಿಎಸ್ ರಿಟರ್ನ್ ಹಾಕಿದ ಮೇಲೆ ವಾಪಸ್ ಬರುತ್ತದೆ.

ಅಂದರೆ ಕಾಗದದ ಮೇಲೆ ಕನ್ಸಲ್ಟೆಂಟಿಗೆ ಐದು ಲಕ್ಷ ಜಾಸ್ತಿ. ಹುಡುಗರ ಕಣ್ಣು ಇಲ್ಲೇ ಅರಳುತ್ತದೆ. ಆದರೆ ಆ ಐದು ಲಕ್ಷದಲ್ಲಿ ನೀವೇ ಕೊಳ್ಳಬೇಕಾದದ್ದು ಏನೇನು ನೋಡಿ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಒಂದು ತಿಂಗಳು ರಜೆ ಹಾಕಿದರೆ 1.8 ಲಕ್ಷ ಹೋಯಿತು. ಆಸ್ಪತ್ರೆಯ ಗ್ರೂಪ್ ಹೆಲ್ತ್ ಪಾಲಿಸಿಯಲ್ಲಿ ನಿಮ್ಮ ಹೆಸರು ಇರೋದಿಲ್ಲ. ಹೆಣ್ಣುಮಕ್ಕಳಿಗಂತೂ ಇದು ತುಂಬಾ ದೊಡ್ಡ ವ್ಯತ್ಯಾಸ. ನೌಕರಿಯಲ್ಲಿದ್ದರೆ 2017ರ ತಿದ್ದುಪಡಿಯಿಂದೀಚೆಗೆ ಮೊದಲ ಎರಡು ಮಕ್ಕಳಿಗೆ 26 ವಾರ ಪಗಾರ ಸಹಿತ ಹೆರಿಗೆ ರಜೆ. ಕನ್ಸಲ್ಟೆಂಟ್ ಕಾಗದಕ್ಕೆ ಸಹಿ ಹಾಕಿದ್ದರೆ ಆ ಹಕ್ಕು ಸಿಗೋದು ಕಷ್ಟ. ಮಗು ಬೇಕು ಅಂತ ಯೋಚಿಸುತ್ತಿರುವ ತಂಗಿಯರು ಆರು ತಿಂಗಳ ಪಗಾರವನ್ನು ಈ ತಕ್ಕಡಿಗೆ ಹಾಕಿ ತೂಗಲೇಬೇಕು. 1.5 ಲಕ್ಷದ ಲೆಕ್ಕದಲ್ಲಿ ಅದೇ 9 ಲಕ್ಷ ಆಗುತ್ತದೆ.

ಇನ್ನೊಂದು ವಿಷಯ ಬ್ಯಾಂಕಿನಲ್ಲಿ ಗೊತ್ತಾಗುತ್ತದೆ. ನೀವು ಮನೆ ಸಾಲಕ್ಕೆ ಹೋದಾಗ ಮ್ಯಾನೇಜರ್ ನೋಡೋದು ರಿಟರ್ನಿನಲ್ಲಿರುವ 10.8 ಲಕ್ಷವನ್ನು. ಸಾಮಾನ್ಯವಾಗಿ ಎರಡು ಮೂರು ವರ್ಷದ ರಿಟರ್ನ್ ಕೇಳುತ್ತಾರೆ. ಪಗಾರದವರಿಗೆ ಕೆಲವು ತಿಂಗಳ ಸ್ಲಿಪ್, ಫಾರ್ಮ್ 16 ಸಾಕಾಗುತ್ತದೆ. ವಿದ್ಯಾನಗರದಲ್ಲೋ ಸಪ್ತಾಪುರದಲ್ಲೋ ಬೇಗ ಮನೆ ಕೊಳ್ಳುವ ಆಸೆ ಇದ್ದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಒಂದು ಎಚ್ಚರಿಕೆ. ಒಪ್ಪಂದದಲ್ಲಿ ಕನ್ಸಲ್ಟೆಂಟ್ ಅಂತ ಬರೆದು, ಒಳಗೆ ದಿನಕ್ಕೆ ಇಷ್ಟು ಗಂಟೆ, ಇಷ್ಟು ರಜೆ, ಬೇರೆ ಕಡೆ ಹೋಗುವಂತಿಲ್ಲ ಅಂತೆಲ್ಲ ಇದ್ದರೆ ತೆರಿಗೆ ಇಲಾಖೆ ಅದನ್ನು ಪಗಾರ ಅಂತಲೇ ನೋಡಬಹುದು. ನಿಜವಾದ ಲಾಭ ಅರ್ಧಕ್ಕಿಂತ ತುಂಬಾ ಜಾಸ್ತಿ ಇದ್ದರೆ ಎಷ್ಟು ತೋರಿಸಬೇಕು ಅನ್ನೋದನ್ನೂ ಸಿಎ ಜೊತೆ ಕೂತೇ ತೀರ್ಮಾನಿಸಿ. ಹಳೆ ಪದ್ಧತಿಯೋ ಹೊಸದೋ ಅನ್ನೋದನ್ನು ಪಗಾರದವರು ಪ್ರತಿ ವರ್ಷ ಬದಲಿಸಬಹುದು. ವೃತ್ತಿ ಆದಾಯದವರು ಹೊಸದನ್ನು ಬಿಟ್ಟು ಹಳೆಯದಕ್ಕೆ ಹೋಗಿ ವಾಪಸ್ ಬಂದರೆ ಮುಗಿಯಿತು, ಆಮೇಲೆ ಆ ಬಾಗಿಲು ಮತ್ತೆ ತೆಗೆಯೋದಿಲ್ಲ.

ಮಿನಿಮಮ್ ಗ್ಯಾರಂಟಿ ಅನ್ನೋದನ್ನು ಓದುವ ರೀತಿ

ಹುಬ್ಬಳ್ಳಿಯಲ್ಲಿ ಹೊಸ ಫಿಜಿಷಿಯನ್‌ಗೆ ಆಸ್ಪತ್ರೆಯವರು ಸಾಮಾನ್ಯವಾಗಿ ಕೊಡೋದು ಎಂಜಿ, ಅಂದರೆ ಮಿನಿಮಮ್ ಗ್ಯಾರಂಟಿ. ಮೊದಲ ಆರು ತಿಂಗಳೋ ಒಂದು ವರ್ಷವೋ ಇಷ್ಟು ಖಾತ್ರಿ, ಆಮೇಲೆ ನೀವು ನೋಡಿದ ರೋಗಿಗಳ ಮೇಲೆ ಪಾಲು. ಒಪ್ಪಂದದಲ್ಲಿ ದೊಡ್ಡ ಅಕ್ಷರದಲ್ಲಿರೋದು ಎಂಜಿ ಮೊತ್ತ. ನೀವು ಹುಡುಕಬೇಕಾದದ್ದು ಬೇರೆ. ಎಂಜಿ ಮುಗಿದ ಮೇಲೆ ಓಪಿಡಿಯಲ್ಲಿ (ಹೊರರೋಗಿ) ಎಷ್ಟು ಪಾಲು, ಐಪಿ (ಒಳರೋಗಿ) ವಿಸಿಟ್‌ನಲ್ಲಿ ಎಷ್ಟು? ಐಸಿಯು ರೋಗಿಯನ್ನು ರಾತ್ರಿ ಎರಡು ಗಂಟೆಗೆ ಬಂದು ನೋಡಿದರೆ ಅದು ಯಾವ ಲೆಕ್ಕಕ್ಕೆ? ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ದಾಖಲಾದ ರೋಗಿಯ ಫೀ ನಿಮಗೆ ಯಾವಾಗ ಬರುತ್ತದೆ: ರೋಗಿ ಡಿಸ್ಚಾರ್ಜ್ ಆದಾಗಲೋ, ಆಸ್ಪತ್ರೆಗೆ ಸರ್ಕಾರದ ದುಡ್ಡು ಬಂದಾಗಲೋ? ಇನ್ಶೂರೆನ್ಸ್ ಕಂಪನಿ ಬಿಲ್ಲಿನಲ್ಲಿ ಕಡಿತ ಮಾಡಿದರೆ ಮೊದಲು ಯಾರ ಪಾಲು ಕತ್ತರಿಸುತ್ತಾರೆ?

ಬಿಟ್ಟು ಹೋಗುವ ಷರತ್ತನ್ನೂ ನೋಡಿ. ಬಿಟ್ಟ ಮೇಲೆ ಒಂದೆರಡು ವರ್ಷ ಇದೇ ಊರಲ್ಲಿ ಪ್ರಾಕ್ಟೀಸ್ ಮಾಡುವಂತಿಲ್ಲ ಅಂತ ಕೆಲವರು ಸೇರಿಸುತ್ತಾರೆ. ಇಂಥ ಷರತ್ತು ಕೋರ್ಟಿನಲ್ಲಿ ನಿಲ್ಲೋದು ಕಷ್ಟ, ಆದರೆ ಕೋರ್ಟಿಗೆ ಅಲೆಯುವವರು ನೀವೇ ಆಗಿರುತ್ತೀರಿ. ಸಹಿಗೆ ಮುಂಚೆ ತೆಗೆಸಿ. ತೆಗೆಯೋದಿಲ್ಲ ಅಂದರೆ ನಾನಾದರೆ ಆ ಆಸ್ಪತ್ರೆ ಬಿಟ್ಟು ಮುಂದಿನದನ್ನು ನೋಡುತ್ತೇನೆ.

ಸರ್ಕಾರಿ ಕೆಲಸ, ಮೆಡಿಕಲ್ ಕಾಲೇಜು

1997ರಲ್ಲಿ ಧಾರವಾಡದಿಂದ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಈಗ ಎರಡರಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಹುಬ್ಬಳ್ಳಿಯಲ್ಲಂತೂ ಜನ ಇಂದಿಗೂ ಕಿಮ್ಸ್ ಅಂತಲೇ ಕರೆಯುವ ಹಳೆಯ ಸಂಸ್ಥೆ ಇದೆ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಮೆಡಿಕಲ್ ಕಾಲೇಜು ಇದೆ. ಅಂದರೆ ಪಾಠ ಮಾಡುವ ಆಸೆ ಇದ್ದವರು ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಇಲ್ಲಿ ಪಗಾರ ಕಡಿಮೆ ಅನ್ನಿಸಬಹುದು. ಆದರೆ ಮೊದಲೇ ಕೇಳಿದ ಆ ಪ್ರಶ್ನೆಗಳನ್ನು ಮತ್ತೆ ಹಾಕಿ ನೋಡಿ. ಮಳೆ ಬರಲಿ ಬಿಡಲಿ, ಪಗಾರ ಬರುತ್ತದೆ. ರಜೆ ಇದೆ. ಪಿಂಚಣಿ ವಿಷಯದಲ್ಲಿ ಮಾತ್ರ ಅಪ್ಪಂದಿರ ಕಾಲದ ಲೆಕ್ಕ ಇಟ್ಟುಕೊಳ್ಳಬೇಡಿ. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರನ್ನು ಎನ್‌ಪಿಎಸ್‌ಗೆ, ಅಂದರೆ ಹೊಸ ಪಿಂಚಣಿ ಯೋಜನೆಗೆ, ಸೇರಿಸಿದ್ದಾರೆ. ಕೈಗೆ ಬರೋದು ಮಾರುಕಟ್ಟೆ ನಡೆದಂತೆ. ಗುತ್ತಿಗೆ ಹುದ್ದೆಯಾದರೆ ಅದೂ ಇಲ್ಲದಿರಬಹುದು. ಹಾಗಾಗಿ ಆದೇಶದಲ್ಲಿ ಕಾಯಂ, ಗುತ್ತಿಗೆ ಅನ್ನೋ ಪದಗಳನ್ನು ಮೊದಲು ಹುಡುಕಿ.

ಎಂಡಿ ಆದ ಮೇಲಿನ ಸೂಪರ್ ಸ್ಪೆಷಾಲಿಟಿ ಓದು, ಡಿಎಂ, ಮಾಡುವ ಮನಸ್ಸು ಇನ್ನೂ ಇದೆಯಾ? ಹಾಗಿದ್ದರೆ ಸೀನಿಯರ್ ರೆಸಿಡೆನ್ಸಿ ಒಳ್ಳೆಯ ಜಾಗ. ಮನೆ ಸಾಲ, ಮಷೀನ್ ಸಾಲ ಮಾಡಿಕೊಂಡ ಮೇಲೆ ಮೂರು ವರ್ಷ ಸ್ಟೈಪೆಂಡ್ ಮೇಲೆ ಬದುಕೋದು ತುಂಬಾ ಕಷ್ಟ. ಓದು ಮೊದಲು, ಇಎಂಐ ಆಮೇಲೆ.

ಸ್ವಂತ ಕ್ಲಿನಿಕ್: ಹುಬ್ಬಳ್ಳಿಯಲ್ಲೋ, ಗದಗಿನಲ್ಲೋ

ಹುಬ್ಬಳ್ಳಿಯಲ್ಲಿ ದೇಶಪಾಂಡೆ ನಗರ, ಕೇಶ್ವಾಪುರ, ವಿದ್ಯಾನಗರದ ಕಡೆ ಒಂದೊಂದು ರಸ್ತೆಯಲ್ಲೂ ಸಾಲಾಗಿ ಬೋರ್ಡುಗಳಿವೆ. ಅಲ್ಲಿ ಫಿಜಿಷಿಯನ್ ಕ್ಲಿನಿಕ್ ನಿಲ್ಲಲು ಸಮಯ ಬೇಕು, ಬಾಡಿಗೆಯೂ ಜಾಸ್ತಿ. ಗದಗ ಸುಮಾರು ಅರವತ್ತು ಕಿಲೋಮೀಟರ್ ದೂರ. ರಾಣೇಬೆನ್ನೂರು, ಲಕ್ಷ್ಮೇಶ್ವರ, ನರಗುಂದದಂಥ ತಾಲೂಕು ಊರುಗಳಲ್ಲಿ ಸಕ್ಕರೆ ಕಾಯಿಲೆ, ಬಿಪಿ ನೋಡುವ ಒಬ್ಬ ನಂಬಿಕೆಯ ಡಾಕ್ಟರನ್ನು ಜನ ಬಹಳ ಬೇಗ ತಮ್ಮವರನ್ನಾಗಿ ಮಾಡಿಕೊಳ್ಳುತ್ತಾರೆ. ನನ್ನ ಒಲವು ಇದೇ ಕಡೆಗೆ, ಮುಚ್ಚಿಡೋದಿಲ್ಲ. ಹುಬ್ಬಳ್ಳಿಗೆ ಹತ್ತನೆಯ ಫಿಜಿಷಿಯನ್ ಬೇಕಾಗಿರುವುದಕ್ಕಿಂತ ರೋಣಕ್ಕೋ ಹಾನಗಲ್ಲಿಗೋ ಮೊದಲನೆಯವರು ಬೇಕಾಗಿರುತ್ತಾರೆ.

ಆದರೆ ತಾಲೂಕು ಊರಿನ ಆದಾಯ ಹೊಲದ ಜೊತೆ ಏರಿಳಿಯುತ್ತದೆ. ಹೆಸರುಕಾಳು ಬಂದಾಗ, ಹತ್ತಿ ಮಾರಿದಾಗ, ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹೋದಾಗ ಜನ ಹಳೆಯ ಬಾಕಿ ತೀರಿಸಿ, ಮುಂದೂಡಿದ ಪರೀಕ್ಷೆ ಮಾಡಿಸುತ್ತಾರೆ. ಬಿತ್ತನೆ ಹೊತ್ತಿಗೆ ಕೈ ಖಾಲಿ. "ಸಾಹೇಬ್ರ, ಪೀಕು ಬಂದ ಮ್ಯಾಲ ಕೊಡ್ತೀನ್ರಿ" ಅಂದವರಿಗೆ ಇಲ್ಲ ಅನ್ನೋದಕ್ಕಾಗುತ್ತದಾ? ಅನ್ನಲೂಬಾರದು. ಅದಕ್ಕೇ ಬಾಡಿಗೆ, ಸಿಬ್ಬಂದಿ ಪಗಾರ, ಮನೆ ಖರ್ಚು ಸೇರಿಸಿ ಆರು ತಿಂಗಳ ದುಡ್ಡು ಉಳಿತಾಯ ಖಾತೆ ಅಥವಾ ಎಫ್‌ಡಿಯಲ್ಲಿ ಇಟ್ಟುಕೊಂಡೇ ಬೋರ್ಡ್ ಹಾಕಿ.

ಕಾಗದಪತ್ರ ಕಡಿಮೆಯೇನಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಅಡಿ ನೋಂದಣಿ ಬೇಕು, ಜನ ಕೆಪಿಎಂಇ ಅನ್ನೋದು ಇದನ್ನೇ. 2016ರ ನಿಯಮದ ಪ್ರಕಾರ ಆಸ್ಪತ್ರೆ ಕಸ ಒಯ್ಯುವವರ ಜೊತೆ ಒಪ್ಪಂದ ಬೇಕು. ಹೃದಯ ನೋಡುವ ಎಕೋ ಮಷೀನ್ ಇಡುತ್ತೀರಾ? ಅದಕ್ಕೂ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ನೋಂದಣಿ ಬೇಕು. ಮೊದಲ ವರ್ಷ ಇಸಿಜಿ ಮಷೀನ್, ಒಳ್ಳೆಯ ಬಿಪಿ ಉಪಕರಣ, ಗ್ಲುಕೋಮೀಟರ್, ನೆಬ್ಯುಲೈಸರ್ ಸಾಕು. ಎಕೋಗೆ ಸಾಲ ಮಾಡಿದರೆ, ಕಂತು ತುಂಬಲಿಕ್ಕೋಸ್ಕರ ಬೇಡದವರಿಗೂ ಎಕೋ ಬರೆಯುವ ಒತ್ತಡ ಬರುತ್ತದೆ. ಆ ಒತ್ತಡವೇ ಬೇಡ.

ಬಾಡಿಗೆ ಇಲ್ಲದ ರೂಮಿನ ಮಾತೂ ಹಾಗೇ. ಅಲ್ಲಿ ಕೂತರೆ ಚೀಟಿ ಕೆಳಗಿನ ಅಂಗಡಿಗೇ ಹೋಗಬೇಕು, ಯಾವ ಕಂಪನಿ ಮಾತ್ರೆ ಅನ್ನೋದನ್ನು ಅವರು ಹೇಳಲು ಶುರು ಮಾಡುತ್ತಾರೆ. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದು, ತೆಗೆದುಕೊಳ್ಳುವುದು 2002ರ ವೈದ್ಯಕೀಯ ನೀತಿ ನಿಯಮಗಳಲ್ಲೇ ನಿಷಿದ್ಧ. ಸಣ್ಣ ರೂಮಾದರೂ ಸರಿ, ಬಾಡಿಗೆ ಕೊಟ್ಟು ಕೂತುಕೊಳ್ಳಿ.

ಇಂಡೆಮ್ನಿಟಿ ಪಾಲಿಸಿ: ಆಸ್ಪತ್ರೆಯದ್ದು, ಸಂಘದ್ದು, ನಿಮ್ಮದು

ಇಂಡೆಮ್ನಿಟಿ ಅಂದರೆ ಚಿಕಿತ್ಸೆಯ ಬಗ್ಗೆ ಡಾಕ್ಟರ ಮೇಲೆ ಕೇಸು ಬಂದಾಗ ಕಾಯುವ ವಿಮೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. 1995ರಲ್ಲಿ ಸುಪ್ರೀಂ ಕೋರ್ಟ್ ಐಎಂಎ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ ದುಡ್ಡು ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನ ಒಳಗೆ ಬರುತ್ತದೆ ಅಂದಿತು. ಆವತ್ತಿನಿಂದ ಜಿಲ್ಲಾ ಗ್ರಾಹಕ ಆಯೋಗದ ನೋಟಿಸ್ ಯಾರಿಗೆ ಬೇಕಾದರೂ ಬರಬಹುದು, ಚಿಕಿತ್ಸೆ ಸರಿಯಾಗೇ ಕೊಟ್ಟಿದ್ದರೂ.

"ಆಸ್ಪತ್ರೆಯವರು ಪಾಲಿಸಿ ಮಾಡಿಸಿದ್ದಾರೆ, ನನಗ್ಯಾಕೆ ಬೇರೆ?" ಅಂತ ಬಹಳ ಜನ ಕೇಳುತ್ತಾರೆ. ಆಸ್ಪತ್ರೆಯ ಪಾಲಿಸಿ ಕಾಯೋದು ಮೊದಲಿಗೆ ಆಸ್ಪತ್ರೆಯನ್ನು. ನೀವು ಪಗಾರದ ನೌಕರರಲ್ಲದ ಕನ್ಸಲ್ಟೆಂಟ್ ಆಗಿದ್ದರೆ ಅದರಲ್ಲಿ ನಿಮ್ಮ ಹೆಸರು ಇಲ್ಲದೇ ಹೋಗಬಹುದು. ಕೇಸಿನಲ್ಲಿ ಆಸ್ಪತ್ರೆ ಒಂದನೇ ಎದುರುದಾರ, ನೀವು ಎರಡನೆಯವರು. ತಪ್ಪು ಡಾಕ್ಟರದ್ದು ಅಂತ ಆಸ್ಪತ್ರೆಯ ವಕೀಲರೇ ವಾದಿಸಿದರೆ ನಿಮ್ಮ ಪರ ಮಾತಾಡುವವರು ಯಾರು? ನಿಮ್ಮ ಹೆಸರಿನ ಸ್ವಂತ ಪಾಲಿಸಿ ಮೂರೂ ಆಯ್ಕೆಯಲ್ಲಿ ಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಪಾಲಿಸಿ ಕೈಗೆ ಬಂದಾಗ ಮೊದಲು ಹುಡುಕಬೇಕಾದದ್ದು ರೆಟ್ರೋಆಕ್ಟಿವ್ ಡೇಟ್. ಈ ಪಾಲಿಸಿಗಳು ಕ್ಲೇಮ್ಸ್ ಮೇಡ್ ರೀತಿಯವು. ಅಂದರೆ ನೋಟಿಸ್ ಬಂದ ದಿನ ಪಾಲಿಸಿ ಜೀವಂತ ಇರಬೇಕು, ಮತ್ತು ಚಿಕಿತ್ಸೆ ಕೊಟ್ಟ ದಿನ ಆ ರೆಟ್ರೋಆಕ್ಟಿವ್ ಡೇಟ್ ಆದ ಮೇಲಿನದಾಗಿರಬೇಕು. ಹೀಗೆ ಅಂದುಕೊಳ್ಳಿ: 2024ರ ಆಗಸ್ಟಿನಲ್ಲಿ ನೀವು ಡೆಂಗಿ ರೋಗಿಯನ್ನು ನೋಡಿದಿರಿ, ಆಗ ಪಾಲಿಸಿ ಇತ್ತು. 2025ರಲ್ಲಿ ಹುಬ್ಬಳ್ಳಿ ಬಿಟ್ಟು ಹಾವೇರಿಗೆ ಸರ್ಕಾರಿ ಕೆಲಸಕ್ಕೆ ಹೋದಿರಿ, ಇನ್ನೇಕೆ ಅಂತ ಪಾಲಿಸಿ ನಿಲ್ಲಿಸಿದಿರಿ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಸಮಯ ಇದೆ. 2026ರ ಜುಲೈಯಲ್ಲಿ ನೋಟಿಸ್ ಬಂತು. ಚಿಕಿತ್ಸೆ ಕೊಟ್ಟಾಗ ಪಾಲಿಸಿ ಇದ್ದರೂ ಈಗ ಪೈಸೆ ಬರೋದಿಲ್ಲ. ಕಂಪನಿ ಬದಲಿಸುವಾಗಲೂ ಅಷ್ಟೇ: ಹಳೆಯ ತಾರೀಖನ್ನೇ ಹೊಸ ಪಾಲಿಸಿಯಲ್ಲಿ ಮುಂದುವರಿಸಿ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಕೆಲಸ ಬದಲಿಸಿದರೂ, ಡಿಎಂಗೆ ಹೋದರೂ ಒಂದು ದಿನವೂ ಬಿಡದೆ ನವೀಕರಿಸುತ್ತಾ ಹೋಗಿ.

ಆಮೇಲೆ ನೋಡಬೇಕಾದದ್ದು: ವಾರಕ್ಕೊಮ್ಮೆ ಲಕ್ಷ್ಮೇಶ್ವರಕ್ಕೆ ವಿಸಿಟಿಂಗ್ ಹೋಗುತ್ತೀರಾದರೆ ಎಲ್ಲ ಊರುಗಳಿಗೂ ರಕ್ಷಣೆ ಇದೆಯಾ? ನಿಮ್ಮ ಕ್ಲಿನಿಕ್ಕಿನ ನರ್ಸ್, ಕಾಂಪೌಂಡರ್ ಮಾಡಿದ ತಪ್ಪಿಗೆ ಇದೆಯಾ? ವಕೀಲರ ಫೀ ಒಟ್ಟು ಮೊತ್ತದ ಒಳಗೋ ಹೊರಗೋ? ವಿಮಾ ಕಂಪನಿಗೆ ತಿಳಿಸದೆ ಊರಿನ ಹಿರಿಯರ ಮುಂದೆ ರಾಜಿ ಮಾಡಿಕೊಂಡು ದುಡ್ಡು ಕೊಟ್ಟರೆ ಆ ದುಡ್ಡನ್ನು ಕಂಪನಿ ಕೊಡೋದಿಲ್ಲ. ಗಲಾಟೆಯ ಹೊತ್ತಲ್ಲಿ ಇದು ನೆನಪಿಗೆ ಬರೋದು ಕಷ್ಟ, ಅದಕ್ಕೇ ಈಗಲೇ ಹೇಳುತ್ತಿದ್ದೇನೆ.

ಐಎಂಎಯಂಥ (ಭಾರತೀಯ ವೈದ್ಯಕೀಯ ಸಂಘ) ವೈದ್ಯರ ಸಂಘಗಳು ನಡೆಸುವ ವೃತ್ತಿ ರಕ್ಷಣಾ ಯೋಜನೆಗಳ ಬಲ ಬೇರೆ ಕಡೆ ಇದೆ. ಕೇಸು ಬಂದಾಗ ವೈದ್ಯಕೀಯ ಗೊತ್ತಿರುವ ವಕೀಲರು, ಹಿರಿಯ ಸಹೋದ್ಯೋಗಿಗಳು ಬೆನ್ನಿಗೆ ನಿಲ್ಲುತ್ತಾರೆ. ಆದರೆ ಅದು ಸದಸ್ಯರ ನಿಧಿ, ವಿಮಾ ಪಾಲಿಸಿ ಅಲ್ಲ. ಕೈಲಾದರೆ ಎರಡೂ ಇರಲಿ. ಒಂದೇ ಅಂದರೆ ನನ್ನ ಮತ ಪಾಲಿಸಿಗೆ.

ಯಾವ ಪಾಲಿಸಿಯೂ ಒಳ್ಳೆಯ ದಾಖಲೆಯಷ್ಟು ಕಾಯೋದಿಲ್ಲ. ರೋಗಿಗೆ ತಿಳಿಯುವ ಕನ್ನಡದಲ್ಲಿ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಒಳರೋಗಿಯ ದಾಖಲೆಯನ್ನು ಕನಿಷ್ಠ ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. "ಹುಬ್ಬಳ್ಳಿಗೆ ಒಯ್ಯಿರಿ ಅಂದೆ, ಮನೆಯವರು ಒಪ್ಪಲಿಲ್ಲ" ಅನ್ನೋದನ್ನು ಅದೇ ಹೊತ್ತಿಗೆ, ಸಮಯ ಹಾಕಿ, ಅವರ ಸಹಿ ತೆಗೆದುಕೊಂಡು ಬರೆದಿಡಿ.

ಟರ್ಮ್, ಎಂಡೋಮೆಂಟ್, ಹೆಲ್ತ್

ಡಾಕ್ಟರ್ ಆದ ಕೂಡಲೇ ನೆಂಟರಲ್ಲೊಬ್ಬರು ಏಜೆಂಟ್ ಆಗಿ ಎದುರಿಗೆ ಕೂರುತ್ತಾರೆ. "ತಮ್ಮಾ, ಟ್ಯಾಕ್ಸೂ ಉಳಿತೈತಿ, ಇಪ್ಪತ್ತು ವರ್ಷಕ್ಕ ರೊಕ್ಕಾನೂ ಬರ್ತೈತಿ" ಅನ್ನುವ ಕಾಕಾಗೆ ಇಲ್ಲ ಅನ್ನೋದು ಕಷ್ಟವೇ. ಆದರೆ ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ವಿಮೆ ಕಂತಿಗೆ ಸಿಗುವ 80ಸಿ ಕಡಿತವೇ ಇಲ್ಲ, ಉಳಿಯುವ ಟ್ಯಾಕ್ಸೂ ಇಲ್ಲ. ವರ್ಷಕ್ಕೆ ಸುಮಾರು ಒಂದು ಲಕ್ಷ ಕಟ್ಟುವ ಇಪ್ಪತ್ತು ವರ್ಷದ ಎಂಡೋಮೆಂಟಿನಲ್ಲಿ (ಅವಧಿ ಮುಗಿದಾಗ ದುಡ್ಡು ವಾಪಸ್ ಬರುವ ಪಾಲಿಸಿ) ಜೀವಕ್ಕೆ ಇಪ್ಪತ್ತು ಲಕ್ಷದ ಆಸುಪಾಸಿನ ರಕ್ಷಣೆ ಸಿಗುತ್ತದೆ. ಮೂವತ್ತರ ವಯಸ್ಸಿನ, ಸಿಗರೇಟ್ ಸೇದದ ಆರೋಗ್ಯವಂತರಿಗೆ ಒಂದು ಕೋಟಿಯ ಟರ್ಮ್ ಪಾಲಿಸಿ (ಜೀವ ಹೋದರೆ ಮಾತ್ರ ದುಡ್ಡು ಕೊಡುವ ವಿಮೆ) ಅದಕ್ಕಿಂತ ತುಂಬಾ ಕಡಿಮೆ ಕಂತಿಗೆ ಸಿಗುತ್ತದೆ. ಸಾಲ ಇರುವ ವಯಸ್ಸಿನಲ್ಲಿ ಮನೆಯವರಿಗೆ ಯಾವುದು ಬೇಕು ಅನ್ನೋದು ಸ್ಪಷ್ಟ ಅಲ್ವಾ? ಕಾಕಾನಿಂದಲೇ ಟರ್ಮ್ ಕೊಳ್ಳಿ, ಸಂಬಂಧವೂ ಉಳಿಯುತ್ತದೆ.

ಮದುವೆಯಾದ ಗಂಡಸರು ಟರ್ಮ್ ಪಾಲಿಸಿಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿ ಮಾಡಿಸಿ. ಆಗ ಆ ದುಡ್ಡು ಹೆಂಡತಿ, ಮಕ್ಕಳ ಟ್ರಸ್ಟಿನದಾಗುತ್ತದೆ. ಕ್ಲಿನಿಕ್ ಸಾಲದ ಬ್ಯಾಂಕಿನವರಾಗಲಿ, ಕೇಸು ಗೆದ್ದವರಾಗಲಿ ಅದಕ್ಕೆ ಕೈ ಹಾಕೋಕಾಗಲ್ಲ. ಅರ್ಜಿ ಹಾಕುವಾಗಲೇ ಹೇಳಬೇಕು, ಆಮೇಲೆ ಸೇರಿಸಲು ಬರೋದಿಲ್ಲ. ನಿಮ್ಮದೇ ಸಕ್ಕರೆ, ಬಿಪಿ ಇದ್ದರೆ ಅರ್ಜಿಯಲ್ಲಿ ಬರೆಯಿರಿ.

ಹೆಲ್ತ್ ಪಾಲಿಸಿ ಬಗ್ಗೆ ಎರಡೇ ಮಾತು. ಆಸ್ಪತ್ರೆಯ ಗ್ರೂಪ್ ಪಾಲಿಸಿ ಕೆಲಸ ಬಿಟ್ಟ ದಿನ ನಿಲ್ಲುತ್ತದೆ, ಹಾಗಾಗಿ ಸ್ವಂತದ್ದು ಒಂದು ಇರಲಿ. ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಗರಿಷ್ಠ ಮೂರು ವರ್ಷ, ಆದ್ದರಿಂದ ಅಪ್ಪ-ಅವ್ವನಿಗೆ ಬೇಗ ಮಾಡಿಸಿದಷ್ಟೂ ಒಳ್ಳೆಯದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ.

ಉಳಿದ ದುಡ್ಡು ಎಲ್ಲಿ

ನಮ್ಮ ಕಡೆ ಡಾಕ್ಟರುಗಳ ದುಡ್ಡು ಮೂರು ಕಡೆ ಹೋಗುತ್ತದೆ: ಎನ್‌ಎ (ಕೃಷಿಯೇತರ) ಪ್ಲಾಟು, ಬಂಗಾರ, ಪತ್ತಿನ ಸೌಹಾರ್ದ ಸಹಕಾರಿ. ಪ್ಲಾಟಿನ ಬಗ್ಗೆ ಹೇಳೋದಿಷ್ಟೇ, ತುರ್ತಿಗೆ ಅರ್ಧ ಪ್ಲಾಟ್ ಮಾರಲು ಬರೋದಿಲ್ಲ. ಸೌಹಾರ್ದದ ಬಗ್ಗೆ ಮಾತ್ರ ಜೋರಾಗಿಯೇ ಹೇಳಬೇಕು. ಬ್ಯಾಂಕಿಗಿಂತ ಒಂದೆರಡು ಪರ್ಸೆಂಟ್ ಜಾಸ್ತಿ ಬಡ್ಡಿ, ಅಧ್ಯಕ್ಷರು ನಿಮ್ಮದೇ ರೋಗಿ, ಪಿಗ್ಮಿ ಹುಡುಗ ದಿನಾ ಕ್ಲಿನಿಕ್ಕಿಗೇ ಬರುತ್ತಾನೆ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲೂ, ಒಬ್ಬರ ಠೇವಣಿಗೆ 5 ಲಕ್ಷದವರೆಗೆ ಡಿಐಸಿಜಿಸಿ (ಠೇವಣಿ ವಿಮಾ ನಿಗಮ) ವಿಮೆ ಇದೆ. ಪತ್ತಿನ ಸಂಘ, ಪತ್ತಿನ ಸೌಹಾರ್ದಗಳಿಗೆ ಆ ವಿಮೆ ಇಲ್ಲ. ಬೋರ್ಡಿನಲ್ಲಿ ಬ್ಯಾಂಕ್ ಅಂತ ಇದೆಯಾ, ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಆ ಆರು ತಿಂಗಳ ದುಡ್ಡನ್ನು ಅಲ್ಲಿ ಇಡಲೇಬೇಡಿ.

ಪಗಾರದವರಿಗೆ ಪಿಎಫ್ ತಾನಾಗಿ ಕೂಡುತ್ತದೆ. ಕನ್ಸಲ್ಟೆಂಟ್, ಕ್ಲಿನಿಕ್‌ನವರು ಅದನ್ನು ತಾವೇ ಕಟ್ಟಬೇಕು. ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಪಿಪಿಎಫ್, ಉಳಿದದ್ದು ಇಂಡೆಕ್ಸ್ ಫಂಡಿನಲ್ಲಿ (ಷೇರು ಸೂಚ್ಯಂಕದ ಜೊತೆ ನಡೆಯುವ ಮ್ಯೂಚುವಲ್ ಫಂಡ್) ತಿಂಗಳ ಕಂತು, ಅಂದರೆ ಎಸ್‌ಐಪಿ. ಟಿಡಿಎಸ್ ರೀಫಂಡ್ ಬಂದ ತಿಂಗಳು ಆ ಮೊತ್ತವನ್ನು ಖರ್ಚಿನ ಖಾತೆಗೆ ಬಿಡದೆ ನೇರ ಇದಕ್ಕೇ ಹಾಕಿ. ಟಿಡಿಎಸ್ ಸಾಲದೆ ತೆರಿಗೆ ಬಾಕಿ ಬರುವವರು 44ಎಡಿಎ ಅಡಿ ಮಾರ್ಚ್ 15ರೊಳಗೆ ಮುಂಗಡ ತೆರಿಗೆ ಕಟ್ಟಬೇಕು. ಇಂಡೆಮ್ನಿಟಿ ನವೀಕರಣದ ತಾರೀಖನ್ನೂ ಅದರ ಪಕ್ಕದಲ್ಲೇ ಕ್ಯಾಲೆಂಡರಿನಲ್ಲಿ ಬರೆದು, ಪಾಲಿಸಿಗಳ ಫೈಲು ಎಲ್ಲಿದೆ ಅಂತ ಮನೆಯವರಿಗೆ ತೋರಿಸಿಡಿ.